ಇನ್ನೂ ಐದು ಸೆಕೆಂಡ್ ಇದೆ

"ಇನ್ನೂ ಐದು ಸೆಕೆಂಡ್ ಇದೆ, ಆ ಕಾರೊಂದು ನೋಡ್ಕೊಂಡು ಬಾ."

ಈ ವಾರವೆಲ್ಲ ನನ್ನ ಕಿವಿಯಲ್ಲಿ ಇದೇ ಮಾತು. ಹೇಳಿದವರು ಡಿವೈಡರ್ ಮೇಲೆ ನಿಂತಿದ್ದರು. ಹೇಳಿಸಿಕೊಂಡ ಹುಡುಗಿಗೆ ಹದಿನಾರೋ ಹದಿನೇಳೋ ಇರಬೇಕು. ಕೈಯಲ್ಲಿ ಡಬ್ಬಿ. ಡಬ್ಬಿಯ ಮೇಲೆ ಆಸ್ಪತ್ರೆಯಲ್ಲಿ ಮಲಗಿದ್ದ ಮಗುವಿನ ಫೋಟೋ, ಆಪರೇಷನ್‌ಗೆ ನೆರವಾಗಿ ಅನ್ನುವ ಸಾಲು. ನಾನು ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ, ಕಿಟಕಿ ಪಕ್ಕ ಕೂತಿದ್ದೆ. ಡಿವೈಡರ್ ಕೈಗೆ ಎಟುಕುವಷ್ಟು ಹತ್ತಿರ. ಮಾತು ಚೆನ್ನಾಗಿಯೇ ಕೇಳಿಸಿತು.

ಹುಡುಗಿ ಒಂದು ಸಲ ಸಿಗ್ನಲ್ ಕಡೆ ನೋಡಿದಳು. ಕೆಂಪು ಅಂಕಿ ಇಳಿಯುತ್ತಿತ್ತು. ಬಸ್ಸಿನ ಮುಂದೆ ಹಾದು ಪಕ್ಕದ ಸಾಲಿನ ಕಾರಿನ ಹತ್ತಿರ ಓಡಿದಳು. ಗಾಜು ಇಳಿಯಿತು. ಒಳಗಿದ್ದ ಹೆಂಗಸು ಪರ್ಸ್ ತೆಗೆದು, ಹುಡುಕಿ, ಒಂದು ನೋಟು ಹಾಕಿದರು. ಇವಳು ತಿರುಗುವಷ್ಟರಲ್ಲಿ ಹಸಿರು ಬಂದಾಗಿತ್ತು. ಕಾರಿಗೂ ಬಸ್ಸಿಗೂ ನಡುವೆ ಹಿಂದಿನಿಂದ ಒಂದು ಬೈಕ್ ನುಗ್ಗಿತು. ಹ್ಯಾಂಡಲ್ ಡಬ್ಬಿಗೆ ತಗುಲಿತು. ಡಬ್ಬಿ ಬಿದ್ದು ಮುಚ್ಚಳ ಕಳಚಿಕೊಂಡಿತು, ಚಿಲ್ಲರೆಯೆಲ್ಲ ಚೆಲ್ಲಾಪಿಲ್ಲಿ. ಹುಡುಗಿ ಬಸ್ಸಿನ ಎದುರಿಗೇ ಕುಕ್ಕರಗಾಲಲ್ಲಿ ಕೂತು ಆರಿಸತೊಡಗಿದಳು.

ಡ್ರೈವರ್ ಬಸ್ ತೆಗೆಯಲಿಲ್ಲ. ಮುಂದಕ್ಕೆ ಬಾಗಿ ಗಾಜಿನಿಂದ ಕೆಳಗೆ ನೋಡಿದರು. "ಆ ಹುಡುಗಿ ಎಲ್ಲಿ ಹೋದ್ಲು?" ಅಂದರು. ಯಾರಿಗೂ ಕಾಣುತ್ತಿರಲಿಲ್ಲ. ಹಿಂದೆ ಹಾರ್ನ್ ಶುರುವಾಯಿತು. ಬಸ್ಸಿನೊಳಗೂ ಯಾರೋ, "ಗ್ರೀನ್ ಬಿದ್ದು ಎಷ್ಟೊತ್ತಾಯ್ತು ಸಾರ್" ಅಂದರು. ಡ್ರೈವರ್ ಬಲಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಹಿಂದಿನವರಿಗೆ ನಿಲ್ಲಿ ಅಂತ ಸನ್ನೆ ಮಾಡಿದರು. "ಅವಳು ಕಣ್ಣಿಗೆ ಬೀಳೋ ತನಕ ಗಾಡಿ ಅಲ್ಲಾಡಲ್ಲ" ಅಂದರು. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದರು. ಆಮೇಲೆ ಡಿವೈಡರ್ ಮೇಲಿದ್ದವರು ಇಳಿದು ಬಂದು ಹುಡುಗಿಯ ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು. ಬಸ್ ಹೊರಟಿತು. ಯಾರಿಗೂ ಏನೂ ಆಗಲಿಲ್ಲ.

ನನ್ನ ಪಕ್ಕ ಕೂತಿದ್ದವರು, "ಪಾಪ, ಒಳ್ಳೆ ಕೆಲಸಕ್ಕೆ ನಿಂತಿದಾರೆ. ಬೈಬಾರ್ದು" ಅಂದರು. ಡ್ರೈವರ್ ಯಾರನ್ನೂ ಬೈದಿರಲಿಲ್ಲ. ಆದರೂ ಅವರಿಗೆ ಹಾಗೆ ಅನ್ನಿಸಿತ್ತು. ನನಗೆ ಈ ಮಾತೂ ಅಷ್ಟೇ ಕಾಡುತ್ತಿದೆ. ಕೆಲಸ ಒಳ್ಳೆಯದಾಗಿದ್ದರೆ ಅದನ್ನು ಮಾಡಿಸುವ ರೀತಿಯನ್ನು ಪ್ರಶ್ನಿಸಬಾರದು ಅಂತ ನಾವು ಎಲ್ಲಿ ಕಲಿತೆವೋ ಗೊತ್ತಿಲ್ಲ.

ಐದು ಸೆಕೆಂಡ್ ಅಂದರೆ ಎಷ್ಟು? ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಪಾದಚಾರಿ ಸಿಗ್ನಲ್‌ಗೆ ಸಮಯ ಇಡುವಾಗ ಎಂಜಿನಿಯರುಗಳು ಮನುಷ್ಯ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾನೆ ಅಂತ ಹಿಡಿಯುವುದು ವಾಡಿಕೆ. ಐದು ಸೆಕೆಂಡಿಗೆ 6 ಮೀಟರ್. ದೊಡ್ಡ ರಸ್ತೆಯಲ್ಲಿ ವಾಹನಗಳ ಒಂದು ಸಾಲಿನ ಅಗಲ ಸಾಮಾನ್ಯವಾಗಿ ಮೂರೂವರೆ ಮೀಟರ್. ಅಂದರೆ ಸುಮ್ನೆ ನಡೆದು ಹೋದರೂ ಎರಡು ಸಾಲು ದಾಟುವುದಕ್ಕೆ ಐದು ಸೆಕೆಂಡ್ ಸಾಲದು. ಇವಳು ಒಂದು ಸಾಲು ದಾಟಿ ಹೋಗಬೇಕು, ನಿಲ್ಲಬೇಕು, ಕೇಳಬೇಕು. ಕಾರಿನವರು ಗಾಜು ಇಳಿಸಬೇಕು, ಪರ್ಸ್ ಹುಡುಕಬೇಕು. ಆಮೇಲೆ ಇವಳು ಅಷ್ಟೇ ದೂರ ವಾಪಸ್ ಬರಬೇಕು. ಓಡಿದರೂ ಲೆಕ್ಕ ಕೂಡುವುದಿಲ್ಲ. ಅವರು ಆ ಮಾತು ಹೇಳಿದ ಕ್ಷಣದಲ್ಲೇ ಹುಡುಗಿ ಹಸಿರು ದೀಪದಲ್ಲಿ ರಸ್ತೆಯ ಮಧ್ಯೆ ಸಿಕ್ಕಿಕೊಳ್ಳುವುದು ಖಾತ್ರಿಯಾಗಿತ್ತು.

ಇನ್ನೊಂದು ವಿಷಯವೂ ಇದೆ. ಅದೇ ಅಂಕಿಯನ್ನು ಗಾಡಿಯಲ್ಲಿ ಕೂತವರೂ ನೋಡುತ್ತಿರುತ್ತಾರೆ. ಡಬ್ಬಿ ಹಿಡಿದವರಿಗೆ "ಐದು" ಅಂದರೆ ಇನ್ನೂ ಸಮಯ ಇದೆ. ಗಾಡಿಯವರಿಗೆ ಹೊರಡುವ ಹೊತ್ತಾಯಿತು. ಗೇರ್ ಹಾಕುವುದು, ಕ್ಲಚ್ ಸಡಿಲಿಸುವುದು, ಫೋನ್ ಜೇಬಿಗೆ ಹಾಕುವುದು, ಎಲ್ಲ ಆ ಐದರಲ್ಲೇ. ಬೈಕುಗಳು ಸಂದಿಗಳಲ್ಲಿ ತೂರಿ ಮುಂದಕ್ಕೆ ಬರುವುದೂ ಆಗಲೇ. ಕೆಂಪು ದೀಪದ ಅವಧಿಯಲ್ಲಿ ರಸ್ತೆ ಅತ್ಯಂತ ಅಪಾಯಕಾರಿಯಾಗುವುದು ಕೊನೆಯ ಕೆಲವು ಸೆಕೆಂಡುಗಳಲ್ಲಿ. ಆ ಹೊತ್ತಿಗೇ ಆ ಮಗುವನ್ನು ಕಳಿಸಿದರು.

ಬೈಕಿನವನ ಮೇಲೆ ನನಗೆ ಕೋಪ ಇದೆ. ಆದರೆ ಅವನು ನುಗ್ಗುತ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ರಸ್ತೆಗೆ ಜನರನ್ನು ಇಳಿಸುವವರು ಅದನ್ನು ಮೊದಲೇ ಎಣಿಸಿರಬೇಕು. ನಿಂತ ಗಾಡಿಗಳ ಆಚೆ ಖಾಲಿ ಸಾಲೊಂದಿದ್ದರೆ ಅದನ್ನೂ ಎಣಿಸಬೇಕು. ದೂರದಿಂದ ಬರುವವನು ಹಸಿರು ಕಂಡ ತಕ್ಷಣ ವೇಗ ತಗ್ಗಿಸದೆ ಆ ಸಾಲಿನಲ್ಲೇ ಬರುತ್ತಾನೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ ಪ್ರಕಾರ ಗಂಟೆಗೆ 48 ಕಿಲೋಮೀಟರ್ ವೇಗದ ಕಾರು ಪೂರ್ತಿ ನಿಲ್ಲಲು 23 ಮೀಟರ್ ಬೇಕು. ಅದರಲ್ಲಿ 9 ಮೀಟರ್ ಚಾಲಕ ಕಂಡು, ಕಾಲು ಬ್ರೇಕಿಗೆ ಹೋಗುವುದರೊಳಗೇ ಮುಗಿದಿರುತ್ತದೆ. ಬಸ್ಸಿನ ಮರೆಯಿಂದ ಹೊರಬಂದ ಹುಡುಗಿ ಅವನಿಗೆ ಕಾಣುವುದೇ ನಾಲ್ಕೈದು ಮೀಟರ್ ಇರುವಾಗ.

ಬಸ್ಸು, ಲಾರಿಯ ಸೀಟಿನಲ್ಲಿ ಒಮ್ಮೆ ಕೂತು ನೋಡಿದರೆ ಗೊತ್ತಾಗುತ್ತದೆ. ಡ್ರೈವರ್ ಎತ್ತರದಲ್ಲಿರುತ್ತಾರೆ, ಗಾಜಿನ ಕೆಳಗಿನ ಜಾಗ ಅವರಿಗೆ ಕಾಣುವುದಿಲ್ಲ. ನಿಂತವರ ತಲೆಯಾದರೂ ಕಂಡೀತು, ಬಗ್ಗಿದವರು ಪೂರ್ತಿ ಮಾಯ. ಆ ದಿನ ಡ್ರೈವರ್ ಹುಡುಗಿಯನ್ನು ನೋಡಿ ನಿಂತಿದ್ದಲ್ಲ. ಹೋದವಳು ವಾಪಸ್ ಬಂದಿಲ್ಲ ಅನ್ನುವುದನ್ನು ನೆನಪಿಟ್ಟು ನಿಂತರು. ಇದು ಸಣ್ಣ ವಿಷಯ ಅಲ್ಲ. ಇಷ್ಟು ಗಮನ ಇರುವ ಡ್ರೈವರ್ ಪ್ರತಿ ಸಲ ಸಿಗುತ್ತಾರೆ ಅಂತ ನಂಬಿ ಯಾರೂ ಡಬ್ಬಿ ಹಂಚಬಾರದು.

ಹಾಗಾದರೆ ಚೌಕದಲ್ಲಿ ನಿಂತು ಹಣ ಕೇಳಲೇಬಾರದಾ? ಇದರ ಬಗ್ಗೆ ಈ ವಾರ ಸಿಕ್ಕಿದ್ದೆಲ್ಲ ಓದಿದೆ. ಅಮೆರಿಕದಲ್ಲಿ ಅಗ್ನಿಶಾಮಕ ಸಿಬ್ಬಂದಿ 1954ರಿಂದ ಸ್ನಾಯುಕ್ಷಯದ ರೋಗಿಗಳಿಗಾಗಿ ತಮ್ಮ ಬೂಟನ್ನೇ ಡಬ್ಬಿ ಮಾಡಿಕೊಂಡು ಹಣ ಸಂಗ್ರಹಿಸುತ್ತಿದ್ದಾರೆ. ಎಷ್ಟೋ ಊರುಗಳಲ್ಲಿ ಸಿಗ್ನಲ್ ಬಳಿಯೇ ನಿಲ್ಲುತ್ತಾರೆ. ಆದರೆ ಅದಕ್ಕೆ ಕಾನೂನು ಕಟ್ಟುಪಾಡು ಹಾಕಿದೆ. ಟೆಕ್ಸಸ್ ರಾಜ್ಯದಲ್ಲಿ ಸ್ಥಳೀಯ ಆಡಳಿತದ ಸಿಬ್ಬಂದಿ ರಸ್ತೆಯಲ್ಲಿ ನಿಂತು ದೇಣಿಗೆ ಕೇಳಬೇಕಾದರೆ 11 ದಿನ ಮೊದಲೇ ಲಿಖಿತ ಅರ್ಜಿ ಕೊಡಬೇಕು, 10 ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆ ತೋರಿಸಬೇಕು. ಬೆಂಕಿಗೆ ನುಗ್ಗುವ, ತರಬೇತಿ ಪಡೆದ ಜನರಿಗೇ ಇಷ್ಟು ಕೇಳುತ್ತಾರೆ. ಹದಿನೇಳರ ಹುಡುಗಿಗೆ ನಾವು ಏನೂ ಕೇಳಲಿಲ್ಲ.

ಇಂಗ್ಲೆಂಡಿನ ರೀತಿ ಬೇರೆ. ಅಲ್ಲಿ ಬೀದಿ ಸಂಗ್ರಹಕ್ಕೆ 1974ರ ಮಾದರಿ ನಿಯಮಗಳಿವೆ. ಫುಟ್‌ಪಾತ್ ಇರುವ ಬೀದಿಯಲ್ಲಿ ವಾಹನ ಓಡುವ ಭಾಗಕ್ಕೆ ಇಳಿದು ಹಣ ಕೇಳುವ ಹಾಗಿಲ್ಲ. ಮೆರವಣಿಗೆ ಇದ್ದು, ಅದಕ್ಕೆ ಅನುಮತಿ ಸಿಕ್ಕಿದ್ದರೆ ಮಾತ್ರ ವಿನಾಯಿತಿ. ಹಣ ಕೇಳುವವರು ನಿಂತಲ್ಲೇ ನಿಂತಿರಬೇಕು. ಇನ್ನೊಬ್ಬ ಸಂಗ್ರಾಹಕರಿಂದ 25 ಮೀಟರ್ ದೂರ ಇರಬೇಕು. ಹದಿನಾರು ತುಂಬದವರಿಗೆ ಡಬ್ಬಿ ಕೊಡಬಾರದು. ಡಬ್ಬಿಗೆ ನಂಬರ್ ಇರಬೇಕು, ಸೀಲ್ ಆಗಿರಬೇಕು. ನಿಂತಲ್ಲೇ ನಿಲ್ಲಬೇಕು ಅನ್ನುವುದು ನನಗೆ ತುಂಬಾ ಹಿಡಿಸಿತು. ಕೊಡುವವರು ಬಂದು ಕೊಡಲಿ, ಕೇಳುವವರು ಯಾರ ಹಿಂದೆಯೂ ಓಡುವುದು ಬೇಡ. ಸೀಲ್ ಮಾಡುವುದು ಲೆಕ್ಕ ತಪ್ಪದಿರಲಿ ಅಂತ. ಆದರೆ ಅಂದು ಡಬ್ಬಿ ಸೀಲ್ ಆಗಿದ್ದಿದ್ದರೆ ಮುಚ್ಚಳ ಕಳಚುತ್ತಿರಲಿಲ್ಲ, ಹುಡುಗಿ ಬಸ್ಸಿನ ಮುಂದೆ ಕೂರುತ್ತಲೂ ಇರಲಿಲ್ಲ.

ಸಿಗ್ನಲ್‌ನಲ್ಲೇ ನಿಲ್ಲಬೇಕು ಅನ್ನುವುದಾದರೆ ನನ್ನ ಮಟ್ಟಿಗೆ ಮೊದಲು ಬೇಕಾದದ್ದು ಒಬ್ಬ ಕಾವಲಿನವರು. ಅವರ ಕೈಯಲ್ಲಿ ಡಬ್ಬಿ ಇರಬಾರದು, ಫೋನ್ ಇರಬಾರದು. ಕಣ್ಣು ದೀಪದ ಮೇಲೆ ಮತ್ತು ಬರುವ ಗಾಡಿಗಳ ಮೇಲೆ, ಬಾಯಲ್ಲಿ ವಿಶಲ್. ಹಸಿರು ಬರುವುದಕ್ಕೆ ಹದಿನೈದು ಇಪ್ಪತ್ತು ಸೆಕೆಂಡ್ ಇರುವಾಗಲೇ ಊದಬೇಕು. ವಿಶಲ್ ಕೇಳಿದ ಮೇಲೆ ಯಾರು ಗಾಜು ಇಳಿಸಿ ಕರೆದರೂ ಹೋಗುವ ಹಾಗಿಲ್ಲ. ಚಿಕ್ಕ ಕೆಂಪು ದೀಪದ ಸಿಗ್ನಲ್ ಆದರೆ ಆ ಜಾಗವನ್ನೇ ಬಿಡಬೇಕು. ಗಾಡಿಗಳೆಲ್ಲ ಪೂರ್ತಿ ನಿಂತ ಮೇಲೆ ಇಳಿಯಬೇಕು, ಡಿವೈಡರ್ ಅಥವಾ ಫುಟ್‌ಪಾತಿಗೆ ತಾಗಿದ ಒಂದು ಸಾಲಿನಲ್ಲಿ ಮಾತ್ರ. ಎರಡನೇ ಸಾಲಿಗೆ ದಾಟುವುದು ಬೇಡವೇ ಬೇಡ. ಬಸ್ಸು, ಲಾರಿಯ ಮುಂದೆ ಹಾಯಬಾರದು. ಬಿದ್ದ ಕಾಸು ಬಿದ್ದಲ್ಲೇ ಇರಲಿ, ಮುಂದಿನ ಕೆಂಪಿಗೆ ನೋಡಿಕೊಳ್ಳಬಹುದು. ಈ ಕೊನೆಯದನ್ನು ಇಳಿಯುವವರಿಗೆಲ್ಲ ಮತ್ತೆ ಮತ್ತೆ ಹೇಳಿಕೊಡಬೇಕು. ಬೇರೆಯವರು ಕೊಟ್ಟ ಹಣ ಬಿದ್ದರೆ ಬಗ್ಗುವುದು ಪ್ರಾಮಾಣಿಕರ ಸಹಜ ಸ್ವಭಾವ. ಆ ಹುಡುಗಿ ಬಗ್ಗಿದ್ದೂ ಅದಕ್ಕೇ.

ಬಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಹಳದಿಯೋ ಕಿತ್ತಳೆಯೋ ಹೊಳೆಯುವ ಜಾಕೆಟ್ ಬೇಕು. ಹಗಲಿಗೆ ಆ ಬಣ್ಣ ಕೆಲಸ ಮಾಡುತ್ತದೆ. ಬೆಳ್ಳಿ ಪಟ್ಟಿ ಮಿಂಚುವುದು ಹೆಡ್‌ಲೈಟ್ ಬಿದ್ದರೆ ಮಾತ್ರ. ಜಾಕೆಟ್ ಇದೆ ಅಂತ ಕತ್ತಲಲ್ಲಿ, ಮಳೆಯಲ್ಲಿ ನಿಲ್ಲಬಾರದು. ಪೊಲೀಸರ ಅನುಮತಿ ಪತ್ರ ಜೇಬಿನಲ್ಲಿರಬೇಕು. ಹದಿನೆಂಟು ತುಂಬದವರು ರಸ್ತೆಗೆ ಇಳಿಯಲೇಬಾರದು. ಇಂಗ್ಲೆಂಡಿನ ಹದಿನಾರು ಫುಟ್‌ಪಾತಿನ ಲೆಕ್ಕ, ಇಲ್ಲಿ ಸಾಲದು.

ಗಾಡಿಯಲ್ಲಿ ಕೂತವರ ಬಗ್ಗೆಯೂ ಹೇಳಬೇಕು. ಕಾರಿನ ಆ ಹೆಂಗಸು ಒಳ್ಳೆಯ ಮನಸ್ಸಿನವರು, ಸಂಶಯ ಇಲ್ಲ. ಆದರೆ ಅಂಕಿ ಐದಕ್ಕೆ ಇಳಿದಾಗ ಪರ್ಸ್ ತೆಗೆಯಬಾರದಿತ್ತು. ಕೊಡುವ ಮನಸ್ಸಿದ್ದರೆ ಕೆಂಪು ಬಿದ್ದ ಕೂಡಲೇ ಕೈಯಲ್ಲಿ ಹಿಡಿದಿರಬೇಕು. ಇಲ್ಲವಾದರೆ ಕೈ ಅಲ್ಲಾಡಿಸಿ ಕಳಿಸಬೇಕು. ಸ್ಕ್ಯಾನ್ ಮಾಡಿ ಹಣ ಹಾಕುವುದಂತೂ ಸಿಗ್ನಲ್‌ನಲ್ಲಿ ಬೇಡವೇ ಬೇಡ. ಫೋನ್ ತೆಗೆಯಬೇಕು, ಆ್ಯಪ್ ತೆರೆಯಬೇಕು, ಪಿನ್ ಹಾಕಬೇಕು. ಅಷ್ಟು ಹೊತ್ತೂ ಒಂದು ಜೀವ ಗಾಡಿಗಳ ನಡುವೆ ಕಾಯುತ್ತಿರುತ್ತದೆ. ಅಲ್ವಾ?

ಡಬ್ಬಿಯ ಮೇಲಿದ್ದ ಫೋನ್ ನಂಬರನ್ನು ನಾನು ಬರೆದುಕೊಂಡಿದ್ದೆ. ನಿನ್ನೆ ಫೋನ್ ಮಾಡಿದೆ. ಎತ್ತಿದವರು ಡಿವೈಡರ್ ಮೇಲೆ ನಿಂತಿದ್ದವರೇ. ಇವರು ಯಾವುದೋ ಫೋಟೋ ಆಸೆಗೆ ಮಕ್ಕಳನ್ನು ನಿಲ್ಲಿಸಿದವರು ಅಂತ ನಾನು ಅಂದುಕೊಂಡಿದ್ದೆ. ದನಿ ಕೇಳಿದರೆ ಹಾಗೆ ಅನ್ನಿಸಲಿಲ್ಲ. ಮಗು ಅವರ ಅಕ್ಕನ ಮೊಮ್ಮಗು. ಹುಡುಗಿ ಅವರ ಮಗಳೇ. ಆಪರೇಷನ್ ದಿನ ಹತ್ತಿರ ಬರುತ್ತಿದೆ, ಹಣ ಇನ್ನೂ ಕೂಡಿಲ್ಲ. "ಏನೂ ಆಗಿಲ್ವಲ್ಲ ಮೇಡಂ" ಅಂತ ಮೊದಲು ಅಂದರು. ನಾನು 6 ಮೀಟರಿನ ಲೆಕ್ಕ ಹೇಳಿದೆ. ಬಸ್ಸಿನೊಳಗಿಂದ ಅವಳು ಕಾಣುತ್ತಲೇ ಇರಲಿಲ್ಲ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಡ್ರೈವರ್‌ಗೆ ಕಾಣ್ತಿದ್ಲು ಅಂದ್ಕೊಂಡಿದ್ದೆ" ಅಂದರು.

ಪೆಟ್ರೋಲ್ ಬಂಕಿನಲ್ಲಿ, ಪಾರ್ಕಿಂಗ್ ಜಾಗದ ಬಾಗಿಲಲ್ಲಿ ಮಾಲೀಕರನ್ನು ಕೇಳಿ ನಿಲ್ಲಬಹುದಲ್ಲ, ಅಲ್ಲಿ ಗಾಡಿಗಳು ನಿಧಾನ ಇರುತ್ತವೆ, ಜನ ಹೇಗೂ ಪರ್ಸ್ ತೆಗೆದಿರುತ್ತಾರೆ ಅಂದೆ. ಸಿಗ್ನಲ್‌ನಲ್ಲಿ ಸಿಗುವಷ್ಟು ಸಿಗಲ್ಲ ಅಂದರು. ಇರಬಹುದು, ನಾನು ವಾದ ಮಾಡಲಿಲ್ಲ. ಸಿಗ್ನಲ್ಲೇ ಬೇಕು ಅಂದರೆ ಪೊಲೀಸರ ಅನುಮತಿ ತೆಗೆದುಕೊಳ್ಳಿ, ಮಗಳನ್ನು ಫುಟ್‌ಪಾತ್ ಮೇಲೆ ಬೋರ್ಡ್ ಹಿಡಿಯಲು ನಿಲ್ಲಿಸಿ, ದೊಡ್ಡವರು ಮಾತ್ರ ಇಳಿಯಿರಿ, ಒಬ್ಬರು ವಿಶಲ್ ಹಿಡಿಯಲೇಬೇಕು ಅಂದೆ.

"ವಿಶಲ್‌ಗೆ ಒಬ್ಬರನ್ನ ಬಿಟ್ರೆ ಡಬ್ಬಿ ಹಿಡಿಯೋಕೆ ಒಬ್ರು ಕಮ್ಮಿ ಆಗ್ತಾರಲ್ಲ ಮೇಡಂ?"

"ಹೌದು, ಆಗ್ತಾರೆ. ವಿಶಲ್ ನೀವೇ ಹಿಡೀರಿ" ಅಂದೆ.

ಆಯಿತು, ಬರೆದು ಕಳಿಸಿ, ಉಳಿದವರಿಗೂ ಓದಿ ಹೇಳ್ತೀನಿ ಅಂದರು. ರಾತ್ರಿಯೇ ಬರೆದು ಕಳಿಸಿದೆ, ಕೈಲಾದಷ್ಟು ಹಣವನ್ನೂ ಕಳಿಸಿದೆ. ಇವತ್ತು ಬೆಳಿಗ್ಗೆ ಅವರಿಂದ ಒಂದು ಪ್ರಶ್ನೆ ಬಂದಿದೆ. ಅನುಮತಿಗೆ ಅರ್ಜಿ ಸಂಚಾರ ಪೊಲೀಸ್ ಠಾಣೆಗೆ ಕೊಡಬೇಕಾ, ಇಲ್ಲಾ ಮಾಮೂಲಿ ಠಾಣೆಗಾ ಅಂತ. ಎರಡೂ ಕಡೆ ಒಂದೊಂದು ಪ್ರತಿ ಕೊಡಿ, ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ ಅಂತ ಉತ್ತರ ಬರೆದೆ.