ಚಿಕಾಗೋದ ಸೌತ್ ಸೈಡಿನಲ್ಲಿ ಹಾಡು ಹುಡುಕುತ್ತಾ

ಚಿಕಾಗೋಗೆ ಹೋದ ನಮ್ಮವರು ಹೆಚ್ಚಾಗಿ ಡೌನ್‌ಟೌನ್ ನೋಡಿ ವಾಪಸಾಗುತ್ತಾರೆ. ಸರೋವರ, ಎತ್ತರದ ಕಟ್ಟಡಗಳು, 1893ರಲ್ಲಿ ವಿವೇಕಾನಂದರು ಮಾತಾಡಿದ ಜಾಗ. ನಾನೂ ಅವನ್ನೆಲ್ಲ ನೋಡಿದೆ, ಖುಷಿಪಟ್ಟೆ. ಆದರೆ ನಾನು ಹೋಗಿದ್ದು ಬೇರೆಯದೇ ಆಸೆಯಿಂದ. ಕಾಲೇಜು ದಿನಗಳಿಂದ ಮಡ್ಡಿ ವಾಟರ್ಸ್, ಎಟ್ಟಾ ಜೇಮ್ಸ್ ಅವರ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ನೋವು ನಲಿವಿನ ಹಾಡು, ಕೇಳಿಕೊಂಡು ಬಂದವನು. ಅವರು ಹಾಡಿದ ಕೋಣೆ, ಬಾಳಿದ ಬೀದಿ ನೋಡಬೇಕಿತ್ತು. ಅದಕ್ಕೆ ನಗರದ ದಕ್ಷಿಣ ಭಾಗಕ್ಕೆ, ಕಪ್ಪು ಜನರ ಬಡಾವಣೆಗಳಿರುವ ಸೌತ್ ಸೈಡಿಗೆ ಹೋಗಬೇಕು.

"ಸೌತ್ ಸೈಡಿಗೆ ಒಬ್ರೇ ಹೋಗ್ತೀರಾ ಚಿಕ್ಕಪ್ಪ?" ಅಣ್ಣನ ಮಗಳಿಗೆ ಅಷ್ಟಾಗಿ ಸಮಾಧಾನವಿರಲಿಲ್ಲ. ಹಗಲು ಹೊತ್ತು, ಗ್ರೀನ್ ಲೈನ್ ರೈಲಿದೆ, ಹೋಗಿಬರ್ತೀನಿ ಅಂದೆ.

ಮೊದಲು 2120, ಸೌತ್ ಮಿಷಿಗನ್ ಅವೆನ್ಯೂ. ರಸ್ತೆಯಲ್ಲಿ ಹೋಗುವವರು ತಿರುಗಿಯೂ ನೋಡದಂಥ ಎರಡಂತಸ್ತಿನ ಕಿರಿದಾದ ಕಟ್ಟಡ. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಅಣ್ಣತಮ್ಮಂದಿರು, ಲಿಯೊನಾರ್ಡ್ ಮತ್ತು ಫಿಲ್ ಚೆಸ್, ಇಲ್ಲಿ 1957ರಿಂದ ಹತ್ತು ವರ್ಷ ಮಡ್ಡಿ, ಎಟ್ಟಾ ಹಾಡಿದ ಚೆಸ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ನಡೆಸಿದರು. ಸ್ಟುಡಿಯೋ ಇರುವುದು ಮಹಡಿಯ ಮೇಲೆ. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ ಹುಡುಗರು ಇಂಗ್ಲೆಂಡಿನಿಂದ ಹುಡುಕಿಕೊಂಡು ಬಂದು ಹಾಡಿದ್ದೂ ಇಲ್ಲೇ.

ಚೆಸ್ ಕಂಪನಿಯ ಬಹಳಷ್ಟು ಹಾಡು ಬರೆದವರು ವಿಲ್ಲಿ ಡಿಕ್ಸನ್. ದೊಡ್ಡ ಬೇಸ್ ವಾದ್ಯ ನುಡಿಸುತ್ತಿದ್ದ ದೊಡ್ಡ ಆಳು. ಬ್ಲೂಸ್ ಕಲಾವಿದರ ಹಾಡಿನಿಂದ ಬೇರೆ ಯಾರೋ ದುಡ್ಡು ಮಾಡಿದರು, ಬರೆದವರ ಕೈಗೆ ಸರಿಯಾಗಿ ರಾಯಲ್ಟಿ ಬರಲಿಲ್ಲ. ಆ ಹಕ್ಕಿಗಾಗಿ ಡಿಕ್ಸನ್ ಒಂದು ಸಂಸ್ಥೆಯನ್ನೇ ಕಟ್ಟಿದರು. ಅವರು ತೀರಿಕೊಂಡ ಮೇಲೆ, 1993ರಲ್ಲಿ, ಹೆಂಡತಿ ಮೇರಿ ಈ ಕಟ್ಟಡ ಕೊಂಡು ಉಳಿಸಿಕೊಂಡರು. ಅವರು ಕೊಳ್ಳದೇ ಹೋಗಿದ್ದರೆ ನಾನು ಬರಿ ಒಂದು ಖಾಲಿ ಸೈಟು ನೋಡಿ ಬರಬೇಕಾಗಿತ್ತೋ ಏನೋ.

ಚೆಸ್‌ನಲ್ಲಿ ಚಕ್ ಬೆರ್ರಿ ಹಾಡಿದ ಒಂದು ಹಾಡು 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯೇರಿ ಆಕಾಶಕ್ಕೆ ಹೋಯಿತು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಜೈಪುರ ಅತ್ರೌಲಿ ಘರಾಣೆಯೇ ಅವರದ್ದೂ. ಆ ಸ್ಟುಡಿಯೋ ಕೋಣೆಯಲ್ಲಿ ನಿಂತಾಗ ಇದು ನೆನಪಾಗಿ ಮೈ ಜುಮ್ಮೆಂದಿತು.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಕಿಂಗ್ ಡ್ರೈವ್. ಅಲ್ಲೊಂದು ಕಂಚಿನ ಪ್ರತಿಮೆ, 1996ರಲ್ಲಿ ಆಲಿಸನ್ ಸಾರ್ ಮಾಡಿದ್ದು. ಹಗ್ಗ ಬಿಗಿದ ಸೂಟ್‌ಕೇಸ್ ಹಿಡಿದು, ಉತ್ತರಕ್ಕೆ ಮುಖ ಮಾಡಿ ನಿಂತ ಒಬ್ಬ ಮನುಷ್ಯ. ದೂರದಿಂದ ಅವನ ಕೋಟಿನ ಮೇಲೆ ಏನೋ ಹಕ್ಕಳೆ ಎದ್ದಂತೆ ಕಾಣುತ್ತದೆ. ಹತ್ತಿರ ಹೋದೆ. ಇಡೀ ಕೋಟು ಸವೆದ ಬೂಟಿನ ಅಟ್ಟೆಗಳದ್ದು! ಕೆಲವು ಅಟ್ಟೆಗಳಲ್ಲಿ ತೂತುಗಳೂ ಇವೆ. ಸುಮಾರು 1916ರಿಂದ 1970ರವರೆಗೆ ಅರವತ್ತು ಲಕ್ಷ ಕಪ್ಪು ಅಮೆರಿಕನ್ನರು ದಕ್ಷಿಣದ ರಾಜ್ಯಗಳನ್ನು ಬಿಟ್ಟು ಬೇರೆ ಕಡೆಗೆ ಹೊರಟರು. ಹತ್ತಿ ಹೊಲದ ಸಾಲ, ಮತ ಹಾಕೋಕೂ ಬಿಡದ ಕಾನೂನು, ಮರಕ್ಕೆ ನೇತುಹಾಕಿ ಕೊಲ್ಲುವ ಗುಂಪು, ಇವುಗಳಿಂದ ತಪ್ಪಿಸಿಕೊಂಡು ಬಂದವರು. 1943ರಲ್ಲಿ ಮಿಸಿಸಿಪ್ಪಿಯಿಂದ ರೈಲು ಹತ್ತಿದ ಮಡ್ಡಿ ವಾಟರ್ಸ್ ಅವರಲ್ಲಿ ಒಬ್ಬ. ಊರಿನಲ್ಲಿ ಮರದ ಗಿಟಾರ್ ಸಾಕಾಗುತ್ತಿತ್ತು. ಚಿಕಾಗೋ ಬಾರುಗಳ ಗದ್ದಲದಲ್ಲಿ ಅದು ಯಾರಿಗೂ ಕೇಳಿಸದು. ಹಾಗಾಗಿ ಗಿಟಾರಿಗೆ ಕರೆಂಟು ಬಂತು.

ಈ ಪ್ರದೇಶವೇ ಬ್ರಾಂಝ್‌ವಿಲ್. ಬಂದವರಿಗೆ ಬೇರೆಲ್ಲೂ ಮನೆ ಸಿಗುತ್ತಿರಲಿಲ್ಲ, ಆದ್ದರಿಂದ ಎಲ್ಲರೂ ಇಲ್ಲೇ ಒತ್ತಿಕೊಂಡು ಬಾಳಿದರು. ನಮ್ಮ ಎಷ್ಟೋ ಹುಡುಗರು ಎಂ.ಎಸ್. ಮಾಡೋಕೆ ಬರುವ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರುವುದೂ ಇಲ್ಲೇ. ಅಲ್ಲಿಯ ಹೆಸರಾಂತ ಗಾಜಿನ ಕಟ್ಟಡ ಕ್ರೌನ್ ಹಾಲ್ ಎದ್ದ ಜಾಗದಲ್ಲಿ ಮೆಕ್ಕಾ ಫ್ಲಾಟ್ಸ್ ಎಂಬ ದೊಡ್ಡ ವಠಾರವಿತ್ತು. ಅದರ ಹೆಸರಿನಲ್ಲೇ ಒಂದು ಬ್ಲೂಸ್ ಹಾಡಿತ್ತು. 1952ರಲ್ಲಿ ವಠಾರ ಕೆಡವಿದರು. ಅಲ್ಲಿ ಓದುವ ಮಕ್ಕಳಿಗೆ ಇದು ಗೊತ್ತಿರಬೇಕು ಅನ್ನಿಸಿತು.

35ನೇ ಬೀದಿಯಲ್ಲಿ ಸನ್‌ಸೆಟ್ ಕೆಫೆ. ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಊದಿದ ಜಾಗ. ಮುಂದೆ ಬಹಳ ವರ್ಷ ಅದು ಹಾರ್ಡ್‌ವೇರ್ ಅಂಗಡಿಯಾಗಿತ್ತು. ಹತ್ತಿರದಲ್ಲೇ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚ್. 2006ರ ಬೆಂಕಿಯಲ್ಲಿ ಚಾವಣಿ ಹೋಗಿ, ಕಲ್ಲಿನ ಗೋಡೆಗಳು ಕಬ್ಬಿಣದ ಆಸರೆಯಲ್ಲಿ ನಿಂತಿವೆ. ಬ್ಲೂಸ್ ಪಿಯಾನೋ ನುಡಿಸುತ್ತಿದ್ದ ಥಾಮಸ್ ಡಾರ್ಸಿ 1932ರಲ್ಲಿ ಹೆರಿಗೆಯ ವೇಳೆ ಹೆಂಡತಿಯನ್ನೂ ಹಿಂದೆಯೇ ಮಗುವನ್ನೂ ಕಳೆದುಕೊಂಡ. ಆ ದುಃಖದಲ್ಲಿ ಅವನು ಕಟ್ಟಿದ ಪ್ರಾರ್ಥನೆಯನ್ನು ಇವತ್ತಿಗೂ ಜಗತ್ತೇ ಹಾಡುತ್ತದೆ. ಈ ಚರ್ಚಿನಲ್ಲಿ ಅವನು ಹಲವು ದಶಕ ಗಾಯನ ನಡೆಸಿದ, ಗಾಸ್ಪೆಲ್ ಎಂಬ ಕಪ್ಪು ಜನರ ಭಕ್ತಿ ಸಂಗೀತ ಇಲ್ಲಿ ಬೆಳೆಯಿತು. ತಂತಿಬೇಲಿಯ ಹೊರಗೆ ನಿಂತು ಫೋನಿನಲ್ಲಿ ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ ಹಾಡಿಸಿಕೊಂಡು ಕೇಳಿದೆ.

ಇಲ್ಲಿಯ ನಾಟಕ ಹುಟ್ಟಿದ್ದೂ ಮನೆ ಸಿಗದ ಪ್ರಶ್ನೆಯಿಂದಲೇ. 1937ರಲ್ಲಿ ಹ್ಯಾನ್ಸ್‌ಬೆರಿ ಎಂಬ ಕಪ್ಪು ಕುಟುಂಬ ಬಿಳಿಯರ ಬೀದಿಯಲ್ಲಿ ಮನೆ ಕೊಂಡಿತು. ಗುಂಪು ಬಂದು ಇಟ್ಟಿಗೆ ಎಸೆಯಿತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 1940ರಲ್ಲಿ ಮನೆಯ ಯಜಮಾನ ಗೆದ್ದ. ಆಗ ಚಿಕ್ಕ ಹುಡುಗಿಯಾಗಿದ್ದ ಅವನ ಮಗಳು ಲೊರೇನ್ ಬೆಳೆದು 'ಎ ರೈಸಿನ್ ಇನ್ ದಿ ಸನ್' ನಾಟಕ ಬರೆದಳು. 1959ರಲ್ಲಿ ಅದು ನ್ಯೂಯಾರ್ಕಿನ ಹೆಸರಾಂತ ರಂಗಭೂಮಿ ಬ್ರಾಡ್‌ವೇ ಏರಿತು. ಕಪ್ಪು ಮಹಿಳೆಯೊಬ್ಬಳ ನಾಟಕ ಅಲ್ಲಿಗೆ ಬಂದದ್ದು ಅದೇ ಮೊದಲು.

ಸಂಜೆ ನಗರದ ಇನ್ನೊಂದು ತುದಿಗೆ, ಬ್ಲ್ಯಾಕ್ ಆನ್ಸಾಂಬಲ್ ಥಿಯೇಟರಿಗೆ ಹೋದೆ. 1976ರಲ್ಲಿ ಜ್ಯಾಕಿ ಟೇಲರ್ ಕಟ್ಟಿದ ತಂಡ. 2011ರಲ್ಲಿ ಕ್ಲಾರ್ಕ್ ಬೀದಿಯಲ್ಲಿ ಸ್ವಂತ ಮನೆ ಮಾಡಿಕೊಂಡಿತು. ಕಪ್ಪು ಗಾಯಕರ ಬದುಕನ್ನೇ ಸಂಗೀತ ನಾಟಕ ಮಾಡಿ ಆಡುವುದು ಇವರ ಹೆಚ್ಚುಗಾರಿಕೆ. ಬ್ಯಾಂಡು ಕಣ್ಣೆದುರೇ ನುಡಿಸುತ್ತದೆ. ನಮ್ಮ ಕಂಪನಿ ನಾಟಕದಲ್ಲಿ ರಂಗಗೀತೆಗೆ ಒನ್ಸ್ ಮೋರ್ ಬೀಳುವ ಹಾಗೆ, ಇಲ್ಲಿ ಜನ ಸುಮ್ನೆ ಕೂರುವುದಿಲ್ಲ. "ಹಾಡಮ್ಮ, ಹಾಡು!" ಎಂದು ಕೂಗುತ್ತಾರೆ, ಎದ್ದು ಕುಣಿಯುತ್ತಾರೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎಲ್ಲ ಹಾಡಿಗೂ ತುಟಿ ಕುಣಿಸುತ್ತಿದ್ದರು. ಇಂಟರ್ವಲ್‌ನಲ್ಲಿ ಮಾತಾಡಿಸಿದೆ. 47ನೇ ಬೀದಿಯ ರೀಗಲ್ ಥಿಯೇಟರ್ ಬಗ್ಗೆ ಕೇಳಿದ್ದೇ ತಡ, ನನ್ನ ಕೈ ಹಿಡಿದುಕೊಂಡರು. 1928ರಲ್ಲಿ ತೆರೆದು ಜಾಝ್ ಕಲಾವಿದ ಎಲಿಂಗ್ಟನ್‌ರಿಂದ ಹಿಡಿದು ಬ್ಲೂಸ್ ಗಾಯಕ ಬಿ.ಬಿ. ಕಿಂಗ್‌ವರೆಗೆ ದೊಡ್ಡ ದೊಡ್ಡವರನ್ನೆಲ್ಲ ಕಂಡ ಆ ರಂಗಮಂದಿರವನ್ನು 1973ರಲ್ಲಿ ಕೆಡವಿದ್ದಾರೆ. ಅಜ್ಜಿ ಹುಡುಗಿಯಾಗಿದ್ದಾಗ ಅಕ್ಕನ ಜೊತೆ ಹೋಗುತ್ತಿದ್ದರಂತೆ. ಯಾವ ಸಾಲು, ಯಾವ ಹಾಡು, ಅಕ್ಕ ಹಾಕಿದ್ದ ಹಳದಿ ಫ್ರಾಕು, ಎಲ್ಲ ಹೇಳಿದರು. "ಮಡ್ಡಿಯವರ ಮನೆ ನೋಡಿದಿರಾ?" ಎಂದು ಕೇಳಿದರು. ಇಲ್ಲ ಅಂದೆ. ಪರ್ಸಿನಿಂದ ಪೆನ್ನು ತೆಗೆದು ನನ್ನ ಟಿಕೆಟಿನ ಹಿಂದೆ ಬರೆದುಕೊಟ್ಟರು: 4339, ಸೌತ್ ಲೇಕ್ ಪಾರ್ಕ್. 1954ರಲ್ಲಿ ಮಡ್ಡಿ ಕೊಂಡ ಇಟ್ಟಿಗೆ ಮನೆ, ನೆಲಮಾಳಿಗೆಯಲ್ಲೇ ಅವರ ತಾಲೀಮು. ಈಗ ಮರಿಮಗಳು ಅದನ್ನು ಮ್ಯೂಸಿಯಂ ಮಾಡುತ್ತಿದ್ದಾರೆ. ಮರುದಿನ ಬೆಳಿಗ್ಗೆ ಅಣ್ಣನ ಮಗಳನ್ನೂ ಕರೆದುಕೊಂಡು ಅಲ್ಲಿಗೇ ಹೊರಟೆ.