ಬಿಸಿಯಾದರೆ ಸ್ಟಾರ್ಟ್ ಆಗದ ಗಾಡಿ

ನಮ್ಮ ಗ್ಯಾರೇಜಿಗೆ ಬರುವ ಮೇಷ್ಟ್ರೊಬ್ಬರದು 2001ರ ಪೆಟ್ರೋಲ್ ಕಾರು, ಎಂಪಿಎಫ್‌ಐ, ಅಂದರೆ ಇಸಿಯು ಅನ್ನೋ ಕಂಪ್ಯೂಟರ್ ಲೆಕ್ಕ ಹಾಕಿ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಗಾಡಿ. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಆರಾಮಾಗಿ ಹೋಗುತ್ತೆ. ಅಲ್ಲಿ ಟೀ ಕುಡಿದು ಬಂದು ಕೀ ತಿರುಗಿಸಿದರೆ ಸೆಲ್ಫ್ ಸುತ್ತುತ್ತೆ, ಇಂಜಿನ್ ಹಿಡಿಯಲ್ಲ. ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್.

ನನ್ನ ಹತ್ತಿರ ತಂದಾಗ ಗಾಡಿ ತಣ್ಣಗಿತ್ತು. ಬಿಸಿಗೆ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕರೆಂಟ್ ಕೊಡೋದು) ಕೈಕೊಡೋದು ಸಾಮಾನ್ಯ. ಅದೇ ಇರಬೇಕು ಅಂತ ಹೊಸದು ಹಾಕಿ ಕಳಿಸಿದೆ. ನಾಲ್ಕೇ ದಿನಕ್ಕೆ ಫೋನ್ ಬಂತು, "ಮತ್ತೆ ಅದೇ ಕಥೆ ಕಣಪ್ಪಾ." ತುಂಬಾ ಬೇಜಾರಾಯಿತು. ಅವರ ಪಿಂಚಣಿ ದುಡ್ಡು ಅದು.

"ಈ ಸಲ ಗಾಡಿ ಇಲ್ಲೇ ಬಿಡಿ ಮೇಷ್ಟ್ರೇ" ಅಂದೆ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಹದಿನೈದು ನಿಮಿಷ ಸುಮ್ನೆ ಕೂತೆ. ಬಾನೆಟ್ ಎತ್ತಲಿಲ್ಲ. ಇಂಜಿನ್ ನಿಂತ ಮೇಲೆ ಅದನ್ನ ತಂಪಾಗಿಡೋ ನೀರು, ಕೂಲೆಂಟ್, ಓಡಾಡಲ್ಲ, ಗಾಳಿಯೂ ಬಡಿಯಲ್ಲ, ಬಾನೆಟ್ ಒಳಗಿನ ಬಿಸಿ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತೆ. ಆ ಬಿಸಿಯಲ್ಲೇ ನೋಡಬೇಕಿತ್ತು.

ಇಂಜಿನ್ ಹಿಡಿಯಲಿಲ್ಲ. ಪೆಟ್ರೋಲಿಗೆ ಕಿಡಿ ಹಚ್ಚೋ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಕರೆಂಟ್ ಚೆನ್ನಾಗೇ ಬರ್ತಿತ್ತು. ಆದರೆ ಪ್ಲಗ್ ತುದಿ ಕಪ್ಪಾಗಿ ಒದ್ದೆಯಾಗಿತ್ತು, ಹತ್ತಿರ ಹಿಡಿದರೆ ಹಸಿ ಪೆಟ್ರೋಲ್ ವಾಸನೆ. ಪ್ಲಗ್ ಒರೆಸಿ ಹಾಕಿ, ಗಾಳಿ ಜಾಸ್ತಿ ಹೋಗಲಿ ಅಂತ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದೆ. ಕೆಮ್ಮುತ್ತಾ, ಕಪ್ಪು ಹೊಗೆ ಬಿಟ್ಟು ಸ್ಟಾರ್ಟ್ ಆಯಿತು. ಪೆಟ್ರೋಲ್ ಜಾಸ್ತಿ ಬೀಳ್ತಿರೋದು ಖಾತ್ರಿಯಾಯಿತು.

ಮೀಟರ್ ತಗೊಂಡು, ಇಂಜಿನ್ ಎಷ್ಟು ಬಿಸಿ ಇದೆ ಅಂತ ಇಸಿಯುಗೆ ತಿಳಿಸೋ ಕೂಲೆಂಟ್ ಸೆನ್ಸರ್‌ಗೆ ಹಿಡಿದೆ. ಇಂಥ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ (ಕರೆಂಟಿಗೆ ಒಡ್ಡೋ ತಡೆಯ ಅಳತೆ) ತೋರಿಸುತ್ತೆ, 80 ಡಿಗ್ರಿಗೆ 300ರ ಆಸುಪಾಸಿಗೆ ಇಳಿಯಬೇಕು. ಇದು ಕೈ ಸುಡೋ ಇಂಜಿನ್ ಮೇಲೆ ಕೂತು 2,300 ತೋರಿಸ್ತಿತ್ತು! ಇಂಜಿನ್ ತಣ್ಣಗಿದೆ ಅಂದುಕೊಂಡು ಇಸಿಯು ಬೆಳಗಿನ ಸ್ಟಾರ್ಟಿಗೆ ಕೊಡುವಷ್ಟು ಪೆಟ್ರೋಲ್ ಸುರೀತಿತ್ತು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಾತ್ರ ಸರಿಯಾಗೇ ಇತ್ತು. ಈ ಗಾಡಿಯಲ್ಲಿ ಅದಕ್ಕೆ ಬೇರೆಯೇ ಸೆನ್ಸರ್ ಇದೆ.

"ಎರಡು ತಿಂಗಳಿಂದ ಮೈಲೇಜೂ ಇಳಿದಿತ್ತಪ್ಪಾ" ಅಂದರು ಮೇಷ್ಟ್ರು. ಮೊದಲ ದಿನವೇ ನಾನು ಕೇಳಬೇಕಿದ್ದ ಮಾತು ಅದು.

ಸೆನ್ಸರ್ ಬದಲಾಯಿಸಿದೆ. ಅವರ ಹಳೇ ಕಾಯಿಲ್ಲನ್ನೇ ವಾಪಸ್ ಹಾಕಿ, ಹೊಸದರ ದುಡ್ಡು ಕೊಟ್ಟೆ. ಈಗ ಇಂಥ ಗಾಡಿ ಬಂದರೆ ಮೊದಲು ಕೇಳೋದು, ನಿಲ್ಲಿಸಿ ಎಷ್ಟು ನಿಮಿಷಕ್ಕೆ ಹೀಗಾಗುತ್ತೆ, ಸೆಲ್ಫ್ ಸುತ್ತುತ್ತಾ, ಮೈಲೇಜ್ ಹೇಗಿದೆ ಅಂತ. ಸೆಲ್ಫೇ ಸುತ್ತದಿದ್ದರೆ ಸ್ಟಾರ್ಟರ್ ಮೋಟರ್, ಅರ್ತ್ ವೈರ್ ಕಡೆ ಹೋಗ್ತೀನಿ. ಸುತ್ತಿಯೂ ಪ್ಲಗ್‌ಗೆ ಕರೆಂಟ್ ಇಲ್ಲದಿದ್ದರೆ ಆಗ ಕಾಯಿಲ್, ಇಲ್ಲ ಇಂಜಿನ್ ಸುತ್ತೋದನ್ನ ಇಸಿಯುಗೆ ತಿಳಿಸೋ ಕ್ರ್ಯಾಂಕ್ ಸೆನ್ಸರ್. ಯಾವುದೇ ಆದರೂ ಗಾಡಿ ಬಿಸಿ ಇರುವಾಗಲೇ ಮೀಟರ್ ಹಿಡಿದು ನೋಡಿ, ಆಮೇಲೆ ಸ್ಪೇರ್ ತರಿಸ್ತೀನಿ.