ಎಳ್ಳ ಅಮಾವಾಸ್ಯೆಗೆ ನಮ್ಮ ಓಣಿ ಖಾಲಿ!

ಇವತ್ತು ಕಲಬುರಗಿಯ ನಮ್ಮ ಬಡಾವಣೆಯಲ್ಲಿ ಸಾಲಾಗಿ ಗೇಟಿಗೆ ಬೀಗ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಪಕ್ಕದ ಮನೆಯವರ ಹೊಲಕ್ಕೆ. ನಾವು ಎರಡನೇ ಪಾರ್ಟಿ.

ಅವ್ವ ನಸುಕಿನಲ್ಲೇ ಭಜ್ಜಿ ಪಲ್ಯಕ್ಕೆ ಇಟ್ಟಿದ್ದಳು. ಹಸಿ ತೊಗರಿಕಾಳು, ಅವರೆ, ಬಟಾಣಿ, ಬದನೆಕಾಯಿ, ಗಜ್ಜರಿ, ಮೆಂತ್ಯ ಪಲ್ಲೆ, ಸಿಕ್ಕಿದ್ದೆಲ್ಲ ಒಂದೇ ಪಾತ್ರೆಗೆ. ಮೇಲೆ ಕಡ್ಲೆಹಿಟ್ಟು, ಹುಣಸೆಹುಳಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. "ಇಷ್ಟೊಂದು ಯಾರಿಗೆ ಬೇ?" ಅಂದೆ. "ಹೊಲಕ್ಕ ಬಂದವ್ರಿಗೆಲ್ಲ ಹಾಕ್ಬೇಕಲ್ಲೋ" ಅಂದಳು.

ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರ ಪೂಜೆ ಆಯಿತು. ಪಕ್ಕದ ಮನೆ ಕಾಕಾ ಜೋಳದ ಬೆಳೆಯೊಳಗೆ ಚರಗ, ಅಂದ್ರೆ ಭೂಮಿತಾಯಿಗೆ ನೈವೇದ್ಯದ ಅಡಿಗೆ, ಚೆಲ್ಲುತ್ತಾ ಹೋದರು. ಹಿಂದೆ ಚೊಂಬಿನ ನೀರು ಹಿಡಿದು ನನ್ನ ಮಗ. ಅರ್ಧ ನೀರು ಅವನ ಚಡ್ಡಿ ಮೇಲೇ!

ವರ್ಷವಿಡೀ ಈ ಕಾಕಾನ ಜೊತೆ ನಮ್ಮ ಮಾತು ಅಂದ್ರೆ "ಸ್ವಲ್ಪ ಗಾಡಿ ತೆಗೀರಿ" ಅಷ್ಟೇ. ಇವತ್ತು ನೋಡಿದರೆ, ಬೇಡ ಬೇಡ ಅಂದರೂ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದರು. ಅಪಾರ್ಟ್‌ಮೆಂಟ್ ಗೆಟ್‌ಟುಗೆದರ್‌ಗಳಲ್ಲಿ ಇದು ಆಗಲ್ಲ ಬಿಡ್ರಿ.

ಭಜ್ಜಿ ಇನ್ನೂ ಒಂದು ಡಬ್ಬಿ ಉಳಿದಿದೆ. ನಾಳೆಗೆ ರುಚಿ ಜಾಸ್ತಿ. ಬೇಕಾದವರು ರೊಟ್ಟಿ ತಗೊಂಡು ಬರ್ರಿ, ರೊಟ್ಟಿ ಖಾಲಿ.